ದಪ್ಪಕ್ಷರದ ಕ್ಷಮೆ

ಹಿತ್ತಾಳೆ ಬೆಳಗುವ ಪಾಲಿಶ್‌ನ ವಾಸನೆ ನನ್ನ ಮಗಳು ರೂತ್‌ಗೆ ಆಗಿಬರುವುದಿಲ್ಲ. ಹೋದ ತಿಂಗಳು ಲಂಡನ್ನಿನ ಎಜ್‌ವೇರಿನಲ್ಲಿರುವ ಅವಳ ಫ್ಲ್ಯಾಟಿನಲ್ಲಿ ನಮ್ಮವ್ವನ ಹಳೆಯ ತಂಬಿಗೆ ಹಿಡಿದುಕೊಂಡು ಕೂತಿದ್ದೆ. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಅವಳು ಮೂಗು ಮುಚ್ಚಿಕೊಂಡು ಬಂದು ಕಿಟಕಿ ತೆರೆದಳು. "ಮಮ್, ಇಟ್ ಸ್ಟಿಂಕ್ಸ್," ಎಂದಳು. ನಾನು ಮಾತ್ರ ಅರಿವೆಯನ್ನು ಮೂಗಿಗೆ ಹಿಡಿದು ಇನ್ನೊಮ್ಮೆ ಎಳೆದುಕೊಂಡೆ. ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡಿನ ಹಿಂದಿನ ಬೀದಿಯ ಇಟ್ಟಿಗೆಯ ಚರ್ಚು, ಕೆಟ್ಟು ಕೂತಿದ್ದ ಬಾಯ್ಲರು, ಒಳಗೂ ಕೋಟು ಬಿಚ್ಚಲಾಗದ ಆ ಚಳಿಗಾಲ ಎಲ್ಲ ಕಣ್ಣ ಮುಂದೆ ಬಂತು. ಆ ಚಳಿಗಾಲದಲ್ಲಿ ನಾನು ಒಂದಿಡೀ ಸಭೆಯನ್ನು ಎದುರು ಹಾಕಿಕೊಂಡೆ. ಅದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಮೆತ್ತಗಾಗುತ್ತಾಳೆ ಎಂದು ಯಾರೂ ಕಾಯುವುದು ಬೇಡ.

ನಾನು ಗದಗ-ಬೆಟಗೇರಿಯ ಮಿಷನ್ ಕಾಂಪೌಂಡಿನಲ್ಲಿ ಹುಟ್ಟಿ ಬೆಳೆದವಳು. ನರ್ಸ್ ಆಗಿ ಲಂಡನ್ನಿಗೆ ಬಂದೆ. ಇಲ್ಲಿಯ ಕನ್ನಡಿಗರ ಕೂಟಗಳಲ್ಲಿ ಮೈಸೂರು, ಧಾರವಾಡದ ಡಾಕ್ಟರುಗಳ ಮನೆಯವರು ಪ್ರೇಮಲತಾ ಎಂಬ ಹೆಸರು ಕೇಳಿ ಹತ್ತಿರ ಬರುತ್ತಿದ್ದರು, ಭಾನುವಾರ ಚರ್ಚಿಗೆ ಹೋಗುತ್ತೇನೆ ಎಂದರೆ ಒಂದು ಕ್ಷಣ ತಡವರಿಸುತ್ತಿದ್ದರು. ಚರ್ಚಿನಲ್ಲಿ ಇನ್ನೊಂದು ಬಗೆ. "ನೀವು ಕ್ರೈಸ್ತರಾದದ್ದು ಯಾವಾಗ?" ಎಂದು ಚಹಾ ಕುಡಿಯುತ್ತ ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ನಾನು ಐದನೆಯ ತಲೆಮಾರು. ಕೇಳಿದವರಲ್ಲಿ ಕೆಲವರು ದೀಕ್ಷಾಸ್ನಾನವನ್ನೇ ಪಡೆದಿರಲಿಲ್ಲ.

ಆ ಚರ್ಚಿನಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಹಿತ್ತಾಳೆ ಬೆಳಗುವುದು. ಶನಿವಾರ ಬೆಳಗ್ಗೆ ನಾನು ಮತ್ತು ಡೊರೀನ್. ಡೊರೀನ್ ಅಲ್ಲೇ ಹುಟ್ಟಿ ಅಲ್ಲೇ ಮುದುಕಿಯಾದವಳು, ಎಂಬತ್ತು ದಾಟಿದ್ದಳು, ಬಾಯಿ ಮಾತ್ರ ಇಪ್ಪತ್ತರದು. ಅವಳ ತಾಯಿಯೂ ಅದೇ ಕೆಲಸ ಮಾಡಿದ್ದಳಂತೆ. ಮೇಣದಬತ್ತಿಯ ಕಂಬ, ವೇದಿಕೆಯ ಕಂಬಿ, ಆಮೇಲೆ ಉತ್ತರದ ಗೋಡೆಯ ದೊಡ್ಡ ಸ್ಮಾರಕ ಫಲಕ. ಫಲಕವನ್ನು ಮೇಲಿಂದ ಕೆಳಕ್ಕೇ ಉಜ್ಜಬೇಕು, ಅಡ್ಡ ಉಜ್ಜಿದರೆ ಅಕ್ಷರದ ಸಂದಿಯಲ್ಲಿ ಬಿಳಿ ಪುಡಿ ಕೂರುತ್ತದೆ ಎಂದು ಅವಳು ಕಲಿಸಿದಳು. ಹನ್ನೊಂದು ವರ್ಷ ಹಾಗೆ ಉಜ್ಜಿದೆ. ಹನ್ನೊಂದನೆಯ ವರ್ಷದ ವಸಂತದಲ್ಲಿ ನನ್ನನ್ನು ವಾರ್ಡನ್ ಮಾಡಿದರು. ವಾರ್ಡನ್ ಎಂದರೆ ಪಾದ್ರಿಯ ನಂತರ ಸಭೆಗೆ ಜವಾಬ್ದಾರರು. ಬೀಗದ ಕೈ, ರಿಜಿಸ್ಟರು, ಹಬ್ಬದ ದಿನ ಮೆರವಣಿಗೆಯಲ್ಲಿ ಹಿಡಿಯಲು ಒಂದು ಕೋಲು. ಆ ಚರ್ಚಿನಲ್ಲಿ ನನ್ನ ಬಣ್ಣದವರಾರೂ ಅದನ್ನು ಹಿಡಿದಿರಲಿಲ್ಲ. ನಾನು ಗದಗಿಗೆ ಫೋನ್ ಮಾಡಿ ಯಾರ್‍ಯಾರಿಗೆ ಹೇಳಬೇಕೋ ಎಲ್ಲರಿಗೂ ಹೇಳಿದೆ, ಹೇಳಬಾರದವರಿಗೂ ಹೇಳಿದೆ.

ಹಿನೆ ಬಂದದ್ದು ಆ ನವೆಂಬರಿನಲ್ಲಿ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ಹೆಂಗಸು, ಆಂಗ್ಲಿಕನ್ ಸಭೆಯ ಪಾದ್ರಿ, ಒಂದು ವರ್ಷದ ಮಟ್ಟಿಗೆ ನಮ್ಮ ಪಾದ್ರಿ ಸೈಮನ್‌ಗೆ ಸಹಾಯಕಿಯಾಗಿ ಬಂದಿದ್ದಳು. ಐವತ್ತರ ಆಸುಪಾಸು, ಗಟ್ಟಿ ಆಳು, ಗದ್ದದ ಮೇಲೆ ಹಸಿರುಗಪ್ಪು ಹಚ್ಚೆ. ನಮ್ಮ ಕಡೆಯ ಅಜ್ಜಿಯರ ಗದ್ದದ ಹಚ್ಚೆ ನೆನಪಾಗಿ ನಾನು ಮೊದಲ ದಿನವೇ ಅವಳನ್ನು ಒಪ್ಪಿಕೊಂಡೆ. ಮೊದಲ ಶನಿವಾರ ನಾನು ಫಲಕ ಉಜ್ಜುತ್ತಿದ್ದಾಗ ಬಂದು ಹಿಂದೆ ನಿಂತಳು.

"ಎಷ್ಟು ವರ್ಷದಿಂದ ಇದನ್ನ ನೋಡ್ಕೊಳ್ತಿದ್ದೀರಿ?"

"ಹನ್ನೊಂದು," ಎಂದೆ, ಹೆಮ್ಮೆಯಿಂದ.

"ಏನು ಬರೆದಿದೆ?"

ಬೆರಳಿಗೆ ಒಂದೊಂದು ಅಕ್ಷರದ ಆಳವೂ ಗೊತ್ತಿತ್ತು, ಓದಿರಲೇ ಇಲ್ಲ. ಹಿನೆ ಓದಿ ಹೇಳಿದಳು. ನ್ಯೂಜಿಲೆಂಡಿನಲ್ಲಿ ದಂಗೆಯೆದ್ದ ನಾಡಿಗರನ್ನು ಅಡಗಿಸಿ, ಒಂದು ನದಿಯ ದಡದಲ್ಲಿ ಶಾಂತಿಯನ್ನೂ ಸುವಾರ್ತೆಯನ್ನೂ ನೆಲೆಗೊಳಿಸಿದ ಕ್ಯಾಪ್ಟನ್ನನ ನೆನಪಿಗೆ ಅವನ ಹೆಂಡತಿ ಹಾಕಿಸಿದ ಫಲಕ. ಪಕ್ಕದ ಸಭಾಭವನವೂ ಅವಳದೇ ಕೊಡುಗೆ.

"ಆ ನದಿ ನಮ್ಮಮ್ಮನ ಊರಿನದು," ಎಂದಳು ಹಿನೆ. "ಅವನು ಬಂದ ದಿನ ಊರಿನವರು ಬೆಳಗಿನ ಪ್ರಾರ್ಥನೆಯಲ್ಲಿ ಇದ್ದರಂತೆ. ನಮ್ಮ ಭಾಷೆಯ ಪ್ರಾರ್ಥನಾ ಪುಸ್ತಕ ಇಟ್ಕೊಂಡು. ಸುವಾರ್ತೆ ಅವರ ಹತ್ತಿರ ಆಗಲೇ ಇತ್ತು. ಬೆಳೆ ಸುಟ್ಟ, ನೆಲ ತಗೊಂಡ, ಮಾರಿದ, ಆ ದುಡ್ಡಲ್ಲಿ ಇಲ್ಲಿ ಭವನ ಕಟ್ಟಿಸಿದರು. ಇದನ್ನ ನೋಡಬೇಕು ಅಂತಲೇ ನಾನು ಈ ಚರ್ಚು ಕೇಳಿಕೊಂಡು ಬಂದೆ." ಆಮೇಲೆ ನನ್ನ ಕೈಯ ಅರಿವೆಯನ್ನು ನೋಡಿ, "ಚೆನ್ನಾಗಿ ಇಟ್ಟಿದ್ದೀರಿ," ಎಂದಳು.

ಅವಳು ಕೊಂಕಿನಿಂದ ಹೇಳಿರಲಿಲ್ಲ. ಅದಕ್ಕೇ ನನ್ನ ಕಿವಿ ಬಿಸಿಯಾಯಿತು. ಅವತ್ತು ಡಬ್ಬಿ ಮುಚ್ಚಿದವಳು ಮತ್ತೆ ಆ ಫಲಕವನ್ನು ಮುಟ್ಟಲಿಲ್ಲ. ತೆಗೆಸಿಬಿಡೋಣ ಎಂದರೆ ಡಯಾಸಿಸ್‌ನ, ಎಂದರೆ ಬಿಷಪ್ಪರ ಕಚೇರಿಯ, ಅನುಮತಿ ಇಲ್ಲದೆ ಗೋಡೆಯ ಒಂದು ಮೊಳೆ ಕೀಳುವಂತಿಲ್ಲ. ಕ್ರಿಸ್ಮಸ್ ಹೊತ್ತಿಗೆ ಅದು ಅಂಚಿನಿಂದ ಕಪ್ಪಾಗತೊಡಗಿತು, ಚರ್ಚಿನ ಆಡಳಿತ ನೋಡುವ ಕೌನ್ಸಿಲ್‌ನ ಸದಸ್ಯ ಕಾಲಿನ್ ಅದನ್ನು ಎರಡು ಸಲ ನನ್ನ ಗಮನಕ್ಕೆ ತಂದ.

ಜನವರಿಯಲ್ಲಿ ಸುದ್ದಿ ಬಂತು. ಆ ನದಿಯ ಕಡೆಯ ಹಿರಿಯರು ಮೂವರು ಫೆಬ್ರುವರಿಯಲ್ಲಿ ಲಂಡನ್ನಿಗೆ ಬರುತ್ತಾರೆ, ನಮ್ಮ ಚರ್ಚಿಗೂ ಬರುತ್ತಾರೆ. ಕೌನ್ಸಿಲ್ ಸಭೆ ಕೂಡಿತು. ಸೈಮನ್ ಒಳ್ಳೆಯ ಮನುಷ್ಯ. ಯಾರಿಗೆ ಕಾಯಿಲೆಯಾದರೂ ಸೂಪ್ ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುವವನು. ಅವನ ಕಣ್ಣಲ್ಲಿ ನೀರಿತ್ತು.

"ನಾವು ಕ್ಷಮೆ ಕೇಳಬೇಕು," ಎಂದ. "ಒಂದು ವಿಶೇಷ ಆರಾಧನೆ ಮಾಡೋಣ. ಕ್ಷಮಾಪಣೆಯ ಮಾತನ್ನ ವಾರ್ಡನ್ ಆಗಿ ಪ್ರೆಮ್ ಓದಿದರೆ ಚೆನ್ನಾಗಿರತ್ತೆ."

ಪ್ರೆಮ್ ಎಂದರೆ ನಾನೇ, ಪ್ರೇಮಲತಾ ಅವರ ನಾಲಿಗೆಗೆ ಉದ್ದವಾಗಿತ್ತು. ಎಲ್ಲರೂ ಗೋಣು ಹಾಕಿದರು. ನಾನೂ ಹಾಕಿದೆ. ಇಷ್ಟು ದೊಡ್ಡ ದಿನಕ್ಕೆ ನನ್ನನ್ನು ಆರಿಸಿದರಲ್ಲ ಎಂದು ಉಬ್ಬಿಹೋಗಿದ್ದೆ, ಸುಳ್ಳೇಕೆ ಹೇಳಲಿ. ವಾರದ ಮೇಲೆ ಆರಾಧನೆಯ ಕ್ರಮದ ಹಾಳೆಯ ಮೊದಲ ಪ್ರತಿ ನನ್ನ ಕೈಗೆ ಬಂತು. ಆಂಗ್ಲಿಕನ್ ಸಭೆಯವರಿಗೆ ಆ ಹಾಳೆ ಇಲ್ಲದೆ ದೇವರ ಮುಂದೆ ಬಾಯಿ ಬಿಡಲು ಬರುವುದಿಲ್ಲ. ಪಾದ್ರಿ ಹೇಳುವುದು ತೆಳು ಅಕ್ಷರದಲ್ಲಿ, ಜನ ಉತ್ತರಿಸುವುದು ದಪ್ಪ ಅಕ್ಷರದಲ್ಲಿ. ಆಮೆನ್ ಕೂಡ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ, ಮರೆತರೆ ಎಂದು.

ನನ್ನ ಗಂಡ ಜಯಪಾಲ ಕ್ಯಾನರಿ ವಾರ್ಫ್ ರೈಲು ಸ್ಟೇಷನ್ನಿನ ಕೆಲಸ ಮುಗಿಸಿ ಬಂದು, ಚಹಾ ಕುಡಿಯುತ್ತ ಆ ಹಾಳೆ ಓದಿದ. ನನ್ನ ಕ್ಷಮಾಪಣೆಯ ಮಾತು ಮುಗಿದ ಮೇಲೆ 'ಅತಿಥಿಗಳು' ಎಂದು ಬರೆದು, ಅದರ ಮುಂದೆ ದಪ್ಪಕ್ಷರದಲ್ಲಿ ಒಂದು ಸಾಲಿತ್ತು: ನಾವು ನಿಮ್ಮನ್ನು ಮನಃಪೂರ್ವಕವಾಗಿ ಕ್ಷಮಿಸಿದ್ದೇವೆ.

"ಕ್ಷಮಿಸೇವಿ ಅಂತ ಅವರು ಹೇಳ್ಯಾರೇನು?" ಎಂದ.

"ಬಂದ ಮ್ಯಾಲೆ ಹೇಳ್ತಾರ."

"ಹೇಳೂಕಿಂತ ಮದಲ ಅಚ್ಚು ಹಾಕ್ಸಿಬಿಟ್ಟೀರೇನು? ಮತ್ತ ನೀ ಯಾಕ ಓದಾಕಿ? ಆ ಕ್ಯಾಪ್ಟನ್ನ ನಿಮ್ಮಜ್ಜನೇನು?"

"ಸಭಾದ ಪರವಾಗಿ ಓದೂದು. ನಿನಗ ತಿಳೀದಿಲ್ಲ, ಸುಮ್ಮನಿರು."

ಅವನು ಲೋಟ ಎತ್ತಿಕೊಂಡು ಒಳಗೆ ಹೋದ. ನನಗೆ ಸುಮ್ಮನಿರಲಾಗಲಿಲ್ಲ. ನಮ್ಮಜ್ಜಿ ನೆನಪಾದಳು. ಮಿಷನ್ ಶಾಲೆಯ ವಾರ್ಷಿಕೋತ್ಸವಕ್ಕೆ ಯಾರಾದರೂ ಬಿಳಿಯ ದೊರೆಗಳು ಬಂದರೆ ಕೃತಜ್ಞತೆಯ ಭಾಷಣ ಅವಳದೇ. 'ಕತ್ತಲೆಯಲ್ಲಿದ್ದ ನಮ್ಮನ್ನು' ಎಂದು ಶುರುವಾಗುತ್ತಿತ್ತು. ಹಲ್ಲಿಲ್ಲದ ವಯಸ್ಸಿನಲ್ಲೂ ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದಳು. ಬರೆದುಕೊಟ್ಟದ್ದು ಯಾರು ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. "ಅವರ ಕೊಟ್ಟಿದ್ರು, ಮತ್ಯಾರು ಬರೀಬೇಕು," ಎಂದಿದ್ದಳು. ಅಕ್ಷರ ಕಲಿಸಿದ್ದಕ್ಕೆ ಅಜ್ಜಿಗೆ ನಿಜವಾಗಿ ಋಣವಿತ್ತು. ಅದನ್ನು ತನ್ನ ಮಾತಿನಲ್ಲಿ ಹೇಳುವ ಅವಕಾಶ ಮಾತ್ರ ಅವಳಿಗೆ ಸಿಗಲೇ ಇಲ್ಲ. ಹಾಳೆಯ ಆ ದಪ್ಪ ಸಾಲನ್ನು ನೋಡುತ್ತ ನೋಡುತ್ತ ನನ್ನ ಮೈ ಉರಿಯಿತು.

ಮರುದಿನ ಹಿನೆಯ ಹತ್ತಿರ ಹೋದೆ.

"ಸೈಮನ್‌ಗೆ ಎರಡು ಸಲ ಹೇಳಿದೀನಿ," ಎಂದಳು. "ಅದು ಆರಾಧನೆಯ ರೂಪ ಅಷ್ಟೇ, ತಪ್ಪು ತಿಳ್ಕೋಬೇಡಿ ಅಂದ. ನ್ಯೂಜಿಲೆಂಡಿನ ನಮ್ಮ ಸಭೆಯಲ್ಲಿ ಹೇಗೆ ಗೊತ್ತಾ? ದೊಡ್ಡ ವಿಷಯ ಬಂದರೆ ಮಾವೊರಿಗಳು ಬೇರೆ ಕೂತು ಒಪ್ಪಬೇಕು, ಬಿಳಿಯರು ಬೇರೆ, ಸುತ್ತಲ ದ್ವೀಪಗಳವರು ಬೇರೆ. ಒಬ್ಬರು ಬೇಡ ಅಂದರೂ ಅಲ್ಲಿಗೇ ನಿಲ್ಲತ್ತೆ. ಎಷ್ಟು ಜನ ಇದ್ದೀರಿ ಅನ್ನೋದು ಲೆಕ್ಕಕ್ಕಿಲ್ಲ. ಅದಕ್ಕೋಸ್ಕರ ನಮ್ಮ ಹಿರಿಯರು ಎಷ್ಟೋ ವರ್ಷ ಬಡಿದಾಡಿದಾರೆ. ಈಗಲೂ ಎಲ್ಲ ಸರಿ ಇದೆ ಅಂತಲ್ಲ. ಆದರೆ ನಮ್ಮ ಉತ್ತರ ಇನ್ನೊಬ್ಬರು ಬರೆಯೋ ಕಾಲ ಹೋಯ್ತು ಅಂದ್ಕೊಂಡಿದ್ದೆ."

"ಹಿರಿಯರು ಬಂದಾಗ ನೀವು ಎಲ್ಲಿರ್ತೀರಿ?"

"ಅವತ್ತು ಅವರ ಜೊತೆ ಹೊರಗಿಂದ ಬರ್ತೀನಿ," ಎಂದಳು. "ನೀವು ಎಲ್ಲಿರ್ತೀರಿ ಅಂತ ನೀವೇ ನೋಡ್ಕೊಳ್ಳಿ."

ಮುಂದಿನ ಕೌನ್ಸಿಲ್ ಸಭೆಯಲ್ಲಿ ನಾನು ಎದ್ದು ನಿಂತೆ. ಸಾಮಾನ್ಯವಾಗಿ ಅಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ, ಬಿಸ್ಕತ್ತಿನ ತಟ್ಟೆ ದಾಟಿಸುತ್ತ ಮಾತಾಡುತ್ತಾರೆ. ಕ್ಷಮಾಪಣೆಯನ್ನು ನಾನು ಓದುವುದಿಲ್ಲ ಎಂದೆ. ಹನ್ನೊಂದು ವರ್ಷ ಓದದೆ ಉಜ್ಜಿದ್ದಕ್ಕೆ ಹಿನೆಯ ಹತ್ತಿರ ನಾನೇ ಕ್ಷಮೆ ಕೇಳಿಕೊಂಡಿದ್ದೇನೆ, ಅದು ನನ್ನ ಪಾಲಿನದು. ಉಳಿದದ್ದನ್ನು ಆ ಭವನದಲ್ಲಿ ತಲೆಮಾರುಗಳಿಂದ ಹುಟ್ಟುಹಬ್ಬ ಮಾಡಿಕೊಂಡವರು ಓದಲಿ. ಅತಿಥಿಗಳ ಉತ್ತರವನ್ನು ಹಾಳೆಯಿಂದ ತೆಗೆಯಬೇಕು ಎಂದೂ ಹೇಳಿದೆ.

"ಪ್ರೆಮ್, ಇಲ್ಲಿ ನೀವು-ನಾವು ಅಂತ ಇಲ್ಲ," ಎಂದ ಸೈಮನ್, ನೊಂದುಕೊಂಡು. "ನಾವೆಲ್ಲ ಒಂದೇ ಕುಟುಂಬ."

"ಹೌದಾ? ಹಾಗಾದರೆ ಆ ಉತ್ತರ ಬರೆಯೋವಾಗ ಕುಟುಂಬದಲ್ಲಿ ಅವರನ್ನ ಯಾರು ಕೇಳಿದಿರಿ?"

ಕಾಲಿನ್ ಗಂಟಲು ಸರಿಮಾಡಿಕೊಂಡು, ಆ ಸಾಲಿಲ್ಲದಿದ್ದರೆ ಆರಾಧನೆ ಅರ್ಧಕ್ಕೆ ನಿಂತಂತಾಗುತ್ತದೆ, ಜನ ಏನು ಮಾಡಬೇಕು ಎಂದು ಕೇಳಿದ. ಕಾಯಬೇಕು ಎಂದೆ. ವೋಟಿಗೆ ಹಾಕಿದರು. ನಾನು, ಮತ್ತು ಘಾನಾದ ಇಬ್ಬರು ಅಕ್ಕತಂಗಿಯರು ಒಂದು ಕಡೆ, ಉಳಿದವರೆಲ್ಲ ಇನ್ನೊಂದು ಕಡೆ. ಡೊರೀನ್ ಮೇಜನ್ನೇ ನೋಡುತ್ತ ಅವರ ಕಡೆ ಕೈ ಎತ್ತಿದಳು. ಸಾಲು ಉಳಿಯಿತು, ಹಾಳೆ ಅಚ್ಚಿಗೆ ಹೋಯಿತು. ಕ್ಷಮಾಪಣೆಯನ್ನು ಸೈಮನ್ ತಾನೇ ಓದುತ್ತೇನೆಂದ.

ಆರಾಧನೆಯ ಹಿಂದಿನ ಶನಿವಾರ ಮಧ್ಯಾಹ್ನ ಅಚ್ಚಾದ ಹಾಳೆಗಳ ಕಟ್ಟು ಚರ್ಚಿನ ಪಕ್ಕದ ಕೋಣೆಗೆ ಬಂತು. ಬೀಗದ ಕೈ ವಾರ್ಡನ್‌ದು. ನಾನು ಒಳಗೆ ಕೂತು, ಕೈಚೀಲದಿಂದ ಕತ್ತರಿ ತೆಗೆದು, ಮೊದಲ ಹಾಳೆಯಿಂದ ಆ ದಪ್ಪ ಸಾಲನ್ನು ಕತ್ತರಿಸಿ ತೆಗೆದೆ. ಹಾಳೆಯ ನಡುವೆ ಉದ್ದನೆಯ ಕಿಂಡಿಯಾಯಿತು. ವಾರ್ಡುಗಳಲ್ಲಿ ಬ್ಯಾಂಡೇಜು ಕತ್ತರಿಸಿ ಪಳಗಿದ ಕೈ, ಅಂಚು ನೇರವಾಗಿ ಬಂತು. ಎರಡನೆಯದು, ಮೂರನೆಯದು. ಮೂವತ್ತರ ಹತ್ತಿರ ಬಂದಿದ್ದೆ, ಡೊರೀನ್ ಬಾಗಿಲಲ್ಲಿ ನಿಂತಿದ್ದಳು.

"ಏನು ನಡೀತಿದೆ ಇಲ್ಲಿ?"

"ಕಾಣ್ತಿದೆಯಲ್ಲ," ಎಂದೆ. ಯಾರಿಗಾದರೂ ಹೇಳುವುದಾದರೆ ಹೇಳಲಿ ಎಂದು ಕತ್ತರಿ ನಿಲ್ಲಿಸಲಿಲ್ಲ.

ಅವಳು ಕುಂಟುತ್ತ ಹೋಗಿ ಹೂವಿನ ಕಪಾಟಿನಿಂದ ದೊಡ್ಡ ಕತ್ತರಿ ತಂದು ಎದುರಿಗೆ ಕೂತಳು. ಅರ್ಧ ಕಟ್ಟನ್ನು ತನ್ನ ಕಡೆ ಎಳೆದುಕೊಂಡಳು. "ನಾನು ಕೈ ಎತ್ತಿದ್ದು ನೋಡ್ದೆ ತಾನೆ?"

"ನೋಡಿದೆ."

"ನಮ್ಮಮ್ಮ ಅದನ್ನ ಜೀವನಪೂರ್ತಿ ಉಜ್ಜಿದಳು. ಅದರಲ್ಲಿ ಇಂಥದ್ದು ಬರೆದಿದೆ ಅಂತ ಅವಳಿಗೆ ಯಾರೂ ಹೇಳಲಿಲ್ಲ. ಒಳ್ಳೇ ಮನುಷ್ಯನದು ಅಂತ ಅಂದ್ಕೊಂಡೇ ಸತ್ತಳು. ಆ ಕೋಪ ನಿನ್ನ ಮೇಲೆ ತೀರಿಸ್ಕೊಂಡೆ ಅನ್ಸತ್ತೆ." ಸ್ವಲ್ಪ ಹೊತ್ತು ಕತ್ತರಿಸಿದ ಮೇಲೆ ಹಾಳೆ ತಿರುಗಿಸಿ ನೋಡಿದಳು. "ಪ್ರೆಮ್, ಹಿಂದುಗಡೆ ಕೀರ್ತನೆಯ ಮೂರನೇ ಚರಣದ್ದೂ ಒಂದು ಸಾಲು ಹೋಯ್ತಲ್ಲೇ."

"ಗುನುಗಲಿ," ಎಂದೆ.

ಭಾನುವಾರ ಮಂಜು ಬೆರೆತ ಮಳೆ. ಬಾಗಿಲಲ್ಲಿ ನಾನೇ ಹಾಳೆ ಹಂಚಿದೆ. ಕಿಂಡಿಯನ್ನು ನೋಡಿ ಕೆಲವರು ಇದೇನೋ ಹೊಸ ವಿನ್ಯಾಸ ಎಂದುಕೊಂಡರು. ಕಾಲಿನ್ ಮಾತ್ರ ಅದರೊಳಗೆ ಬೆರಳು ತೂರಿಸಿ ನನ್ನನ್ನೇ ನೋಡಿದ. ಹಿರಿಯರು ಬಂದರು, ಇಬ್ಬರು ಗಂಡಸರು, ಮುಂದೆ ಕಪ್ಪು ಸ್ಕಾರ್ಫಿನ ಒಬ್ಬ ಅಜ್ಜಿ, ಅವಳ ತೋಳು ಹಿಡಿದು ಹಿನೆ. ಹೊಸ್ತಿಲಲ್ಲಿ ಅಜ್ಜಿ ನಿಂತು ಉದ್ದನೆಯ ದನಿಯಲ್ಲಿ ಕರೆ ಕೊಟ್ಟಳು, ಸತ್ತವರನ್ನೂ ಜೊತೆಗೆ ಕರೆದುಕೊಂಡು ಒಳಗೆ ಬರುವ ಕರೆಯಂತೆ. ನಾನು ಬಾಗಿ ಅವಳಿಗೂ ಒಂದು ಹಾಳೆ ಕೊಟ್ಟೆ.

ಸೈಮನ್ ಕ್ಷಮಾಪಣೆ ಓದಿದ. ಚೆನ್ನಾಗಿಯೇ ಓದಿದ, ನೆಲ ಎಂಬಲ್ಲಿ ನೆಲ ಎಂದೇ ಅಂದ. ಓದಿ ಮುಗಿಸಿ ಹಾಳೆಯಲ್ಲಿ ಮುಂದಿನ ಸಾಲು ಹುಡುಕಿದ. ಅಲ್ಲಿ ಏನೂ ಇರಲಿಲ್ಲ. ತಲೆಯೆತ್ತಿ ನನ್ನ ಕಡೆ ನೋಡಿದಾಗ ಮುಖ ಕೆಂಪೇರಿತ್ತು. ನಾನು ವಾರ್ಡನ್‌ನ ಕೋಲು ಹಿಡಿದು ನೆಟ್ಟಗೆ ಕೂತೆ, ಕಣ್ಣು ತಪ್ಪಿಸಲಿಲ್ಲ. ದಪ್ಪಕ್ಷರವಿಲ್ಲದೆ ಆ ಜನ ಅಷ್ಟು ಹೊತ್ತು ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅಜ್ಜಿ ನಿಧಾನವಾಗಿ ಎದ್ದಳು. ಕಪ್ಪೇರಿದ ಫಲಕಕ್ಕೆ ಮುಖಮಾಡಿ ತನ್ನ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದಳು. ಆ ಕ್ಯಾಪ್ಟನ್ನನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳುವಂತಿತ್ತು. ಅದನ್ನು ಹಿನೆ ಅನುವಾದಿಸಲಿಲ್ಲ. ಆಮೇಲೆ ಅಜ್ಜಿ ನಮ್ಮ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು.

"ನಮ್ಮ ನೆಲ ಹೋದದ್ದು ಕಾಗದದಲ್ಲಿ. ಇವತ್ತೂ ನಮ್ಮ ಕೈಗೆ ಒಂದು ಕಾಗದ ಕೊಡ್ತೀರಿ ಅಂತ ಹೆದರಿಕೊಂಡೇ ಬಂದೆ. ಕೊಟ್ಟಿರಿ. ಆದರೆ ಇದರಲ್ಲಿ ತೂತಿದೆ. ಆ ತೂತು ನನಗೆ ಇಷ್ಟವಾಯ್ತು." ಹಾಳೆಯನ್ನು ಎತ್ತಿ ಹಿಡಿದು ಕಿಂಡಿಯಿಂದ ಒಂದು ಸಲ ನಮ್ಮನ್ನೆಲ್ಲ ನೋಡಿದಳು. "ನೀವು ಹೇಳಿದ್ದು ಕೇಳಿಸಿಕೊಂಡೆ. ಉತ್ತರ ನನ್ನ ಹತ್ತಿರ ಇಲ್ಲ. ಅದು ನದಿಯ ಹತ್ತಿರ ಇದೆ, ನಮ್ಮವರೆಲ್ಲರ ಹತ್ತಿರ ಇದೆ. ನೀವು ಬನ್ನಿ. ನಮ್ಮ ಮನೆಯಲ್ಲಿ ಊಟ ಹಾಕ್ತೀವಿ, ನೆಲದ ಮೇಲೆ ಮಲಗಿ. ನಾವು ಹೇಳೋದೆಲ್ಲ ಮುಗಿಯೋವರೆಗೂ ಕೇಳಿ. ಆಮೇಲೆ ಹೇಳ್ತೀವಿ, ಹೌದೋ ಅಲ್ಲವೋ."

ಅವಳ ಜೊತೆಯವರು ಎದ್ದು ಅವಳ ಬೆನ್ನಿಗೆ ನಿಂತು ಹಾಡಿದರು. ಹಾಡು ಮುಗಿದದ್ದೇ ತಡ, ಡೊರೀನ್‌ಳ ದನಿ ಕೇಳಿತು. "ಯಾವಾಗ ಬರಬೇಕು? ನನ್ನ ಸೊಂಟ ಹೆಚ್ಚು ದಿನ ಕಾಯಲ್ಲ." ಅಜ್ಜಿ ನಕ್ಕಳು. ಕೊನೆಯ ಕೀರ್ತನೆಯ ಮೂರನೆಯ ಚರಣದಲ್ಲಿ ಒಂದು ಸಾಲನ್ನು ಇಡೀ ಸಭೆ ಗುನುಗಿತು.

ಆರಾಧನೆ ಮುಗಿದ ಮೇಲೆ ಸೈಮನ್ ನನ್ನನ್ನು ಪಕ್ಕದ ಕೋಣೆಗೆ ಕರೆದ. ಕೌನ್ಸಿಲ್‌ಗೆ ಮೋಸ ಮಾಡಿದೆ ಎಂದ.

"ಹೌದು," ಎಂದೆ. "ವೋಟಿನಲ್ಲಿ ಸೋತೆ, ಕತ್ತರಿ ತಗೊಂಡೆ. ಬಚ್ಚಿಡಲ್ಲ. ಆದರೆ ಬೇರೆಯವರ ಬಾಯಿಗೆ ಮಾತು ತುರುಕೋ ಅಧಿಕಾರವನ್ನ ನಿಮ್ಮ ವೋಟು ಎಲ್ಲಿಂದ ತಂತು?"

ಡೊರೀನ್‌ಳ ಹೆಸರು ಹೇಳಲಿಲ್ಲ. ಆದರೆ ಅವಳು ಕಾಫಿ ಮೇಜಿನ ಹತ್ತಿರ ಕಂಡಕಂಡವರಿಗೆಲ್ಲ ತಾನೇ ಹೇಳಿಕೊಳ್ಳುತ್ತಿದ್ದಳು. ಏಪ್ರಿಲ್‌ನ ವಾರ್ಷಿಕ ಸಭೆಗೆ ವಾರ ಮೊದಲು ಸೈಮನ್ ಮನೆಗೆ ಬಂದ. ಕಾಲಿನ್ ವಾರ್ಡನ್ ಸ್ಥಾನಕ್ಕೆ ನಿಂತಿದ್ದಾನೆ, ನಾನು ಸಭೆಯಲ್ಲಿ ಎರಡು ಮಾತು ವಿಷಾದ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳಿ ಜೇಬಿನಿಂದ ಒಂದು ಟೈಪ್ ಮಾಡಿದ ಚೀಟಿ ತೆಗೆದ.

"ನನ್ನದನ್ನೂ ನೀವೇ ಬರೆದುಬಿಟ್ಟಿರಾ?" ಎಂದೆ.

ಅವನು ಚೀಟಿಯನ್ನು ನೋಡಿದ, ನನ್ನನ್ನು ನೋಡಿದ. ಪುಣ್ಯಾತ್ಮ, ಅವನಿಗೆ ಹೊಳೆಯಿತು. ಚೀಟಿಯನ್ನು ಹರಿದು ನಮ್ಮ ಮನೆಯ ಕಸದ ಬುಟ್ಟಿಗೇ ಹಾಕಿ, ಜಯಪಾಲ ಕೊಟ್ಟ ಚಹಾ ಕುಡಿದು ಹೋದ. ಅವತ್ತಿನಿಂದ ಅವನ ಮೇಲಿನ ಸಿಟ್ಟನ್ನು ಬಿಟ್ಟೆ. ಚುನಾವಣೆಯಲ್ಲಿ ಸೋತೆ. ಕೋಲನ್ನು ಕಾಲಿನ್ ಕೈಗೆ ಕೊಟ್ಟು ನನ್ನ ಜಾಗಕ್ಕೆ ಬಂದು ಕೂತೆ. ನಷ್ಟವಾಗಲಿಲ್ಲ ಎಂದರೆ ಸುಳ್ಳು, ಆ ರಾತ್ರಿ ಅತ್ತೆ. ಆದರೆ ಅದೇ ಹಾಳೆ ಮತ್ತೆ ಬಂದರೆ ಅದೇ ಕತ್ತರಿ ತೆಗೆಯುತ್ತೇನೆ.

ಮರುವರ್ಷ ಫೆಬ್ರುವರಿಯಲ್ಲಿ ನಾವು ಏಳು ಜನ ಹೋದೆವು. ಸೈಮನ್, ಊರುಗೋಲು ಹಿಡಿದ ಡೊರೀನ್, ನಾನು, ಜಯಪಾಲ, ಘಾನಾದ ಅಕ್ಕತಂಗಿಯರು, ಕೊನೆಯ ಗಳಿಗೆಯಲ್ಲಿ ಮನಸ್ಸು ಮಾಡಿದ ಕಾಲಿನ್. ಅಲ್ಲಿ ಬೇಸಿಗೆ. ಊರಿನಲ್ಲಿ ಇಳಿಸಿಕೊಳ್ಳಲು ಹಿನೆ ಬಂದಿದ್ದಳು. ಕುಲದವರು ಕೂಡುವ ದೊಡ್ಡ ಮನೆಯಲ್ಲಿ ಸಾಲಾಗಿ ಹಾಸಿಗೆ ಹಾಕಿಕೊಟ್ಟರು. ಮೂರು ದಿನ ಕೂತು ಕೇಳಿದೆವು. ಸುಟ್ಟ ಹೊಲಗಳ ಹೆಸರು, ನದಿ ದಾಟಿ ಓಡಿದವರ ಹೆಸರು, ಅವರ ಮೊಮ್ಮಕ್ಕಳು ಈಗ ಯಾವ ಊರಿನ ಬಾಡಿಗೆ ಮನೆಯಲ್ಲಿದ್ದಾರೆ ಎಂಬುದು. ಹಾಳೆ ಇರಲಿಲ್ಲ, ಯಾವಾಗ ಏಳಬೇಕು ಯಾವಾಗ ಕೂರಬೇಕು ಎಂದು ಕಾಲಿನ್‌ಗೆ ಗೊತ್ತಾಗದೆ ಪಕ್ಕದವರನ್ನು ನೋಡುತ್ತಿದ್ದ. ಮೂರನೆಯ ದಿನ ಮಧ್ಯಾಹ್ನ ಅವರವರೇ ಬೇರೆ ಕೂತು ಮಾತಾಡಿ ಬಂದರು. ಅಜ್ಜಿ ಎದ್ದು ನಿಂತು ಉತ್ತರ ಹೇಳಿದಳು.

ಲಂಡನ್ನಿಗೆ ವಾಪಸು ಬಂದಾಗ ಎಲ್ಲರ ಬಾಯಲ್ಲಿ ಒಂದೇ ಪ್ರಶ್ನೆ, ಕ್ಷಮಿಸಿದರಾ, ಇಲ್ಲವಾ. ಚರ್ಚಿನ ಪತ್ರಿಕೆಗೆ ಒಂದು ಸಾಲು ಬರೆದುಕೊಡು ಎಂದು ಸಂಪಾದಕಿ ನನಗೆ ಫೋನ್ ಮಾಡಿದಳು. ರೂತ್ ಇವತ್ತಿಗೂ ಕೇಳುತ್ತಾಳೆ. ಅವರ್‍ಯಾರಿಗೂ ನಾನು ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಬೇಕಾದವರು ಆ ನದಿಯ ದಡಕ್ಕೆ ಹೋಗಲಿ, ಮೂರು ದಿನ ಬಾಯಿ ಮುಚ್ಚಿಕೊಂಡು ಕೂರಲಿ, ಆಮೇಲೆ ಅವರನ್ನೇ ಕೇಳಲಿ.